ಹೊಟ್ಟೆ ಸೀಳಿದ ಭ

ಎಪ್ಪತ್ತರ ದಶಕದ ಹಾಡುಗಳಂಥ ಹಾಡು ಮತ್ತೆ ಬರಲಿಲ್ಲ ಎನ್ನುವವರ ಜೊತೆ ನಾನು ಹದಿನಾರನೇ ವಯಸ್ಸಿನಿಂದ ಜಗಳವಾಡುತ್ತಿದ್ದೇನೆ. ಅವರ ವಾದ ಯಾವಾಗಲೂ ಒಂದೇ. ಆಗ ಸಾಹಿತ್ಯವಿತ್ತು, ಈಗ ಬರೀ ಸದ್ದು. ಆಗ ರಾಗವಿತ್ತು, ಈಗ ಡಬ್ಬಾ ಬಡಿತ. ಸರಿ, ಒಪ್ಪೋಣ. ಹಾಗಾದರೆ ಆ ಹತ್ತು ವರ್ಷದಲ್ಲಿ ಒಂದೂ ಕೆಟ್ಟ ಹಾಡು ಬರಲಿಲ್ಲವೇ ಎಂದು ಕೇಳಿದರೆ ಉತ್ತರವಿಲ್ಲ. ಬಂದವು, ರಾಶಿ ಬಂದವು, ಅವನ್ನು ನೀವು ಮರೆತಿರಿ. ಉಳಿದದ್ದನ್ನಷ್ಟೇ ಇಟ್ಟುಕೊಂಡು ಇಡೀ ದಶಕವೇ ಬಂಗಾರ ಎನ್ನುವುದು, ಹಟ್ಟಿಯ ಚಿನ್ನದ ಗಣಿಗೆ ಹೋಗಿ ಬಂಗಾರದ ಬಿಲ್ಲೆ ನೋಡಿ, ಪಕ್ಕದಲ್ಲೇ ಗುಡ್ಡದಂತೆ ಬಿದ್ದಿರುವ ಕಲ್ಲುಪುಡಿ ನೋಡದೆ ಬಂದ ಹಾಗೆ.

ಈ ವಾದವನ್ನು ನಾನು ಲಿಂಗಸುಗೂರಿನ ಕಾಲೇಜಿನ ವೇದಿಕೆಯಲ್ಲಿ ಎರಡು ಸಲ ಗೆದ್ದೆ. ಮೂರನೇ ಸಲ ಗೆದ್ದದ್ದು ಮಸ್ಕಿಯ ಒಂದು ಹೊಲಿಗೆ ಅಂಗಡಿಯಲ್ಲಿ. ಮೊದಲಿನ ಎರಡಕ್ಕೆ ಬಹುಮಾನದ ಡಾಲು ಕೊಟ್ಟರು. ಮೂರನೆಯದರ ಬಗ್ಗೆ ಬರೆಯುತ್ತಿದ್ದೇನೆ.

ಅಂಗಡಿ ನನ್ನ ಕಾಕಾನದು. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಬಸ್ ಸ್ಟ್ಯಾಂಡಿನಿಂದ ಬಜಾರಿಗೆ ಬರುವ ದಾರಿಯಲ್ಲಿ ಒಂದು ಯಂತ್ರ, ಒಂದು ಕತ್ತರಿ ಹಲಗೆ, ಗೂಟಕ್ಕೆ ತೂಗುಹಾಕಿದ ಟ್ರಾನ್ಸಿಸ್ಟರ್, ಇಷ್ಟೇ ಅವನ ಸಂಸ್ಥಾನ. ಕಾಕಾ ಹಾಡುತ್ತಲೇ ಹೊಲಿಯುತ್ತಿದ್ದ. ತಾಳ ಅವನ ಕಾಲಲ್ಲಿತ್ತು. ಪೈಜಾಮದ ಕಾಲಿನಂಥ ಉದ್ದ ಹೊಲಿಗೆ ಬಂದರೆ ಚರಣ ಪೂರ್ತಿ ಒಂದೇ ಓಟದಲ್ಲಿ ಬರುತ್ತಿತ್ತು. ಕಿಸೆ, ಕಾಲರು ಬಂದರೆ ಹಾಡು ತುಂಡಾಗುತ್ತಿತ್ತು. ಮೂಲೆ ತಿರುಗಿಸುವಾಗ ನಿಂತು, ಅಕ್ಷರ ತಪ್ಪದಂತೆ ನಿಂತಲ್ಲಿಂದಲೇ ಎತ್ತಿಕೊಳ್ಳುತ್ತಿದ್ದ. ಎದುರಿನ ಕಿರಾಣಿ ಅಂಗಡಿಯ ಸಾಹುಕಾರ ಬಂದವರಿಗೆಲ್ಲ, "ಪೈಜಾಮ ಹೊಲಿಯಾಕ ಕೊಡ್ರೆಪಾ, ಅಂಗಿ ಕೊಟ್ರ ಹಾಡ ಅರ್ಧಕ್ಕ ನಿಂದರತೈತಿ" ಎಂದು ಹೇಳಿ ನಗಿಸುತ್ತಿದ್ದ.

ಹಾಡುತ್ತಿದ್ದದ್ದೆಲ್ಲ ಎಪ್ಪತ್ತರ ದಶಕದವು. ಆಗ ಅವನಿಗೆ ಹದಿನೆಂಟೋ ಇಪ್ಪತ್ತೋ. ಊರ ಹೊರಗೆ ಸಿನಿಮಾ ಡೇರೆ ಬೀಳುತ್ತಿತ್ತು. ಒಳಗೆ ಹೋಗಲು ಅಜ್ಜ ಬಿಡುತ್ತಿರಲಿಲ್ಲ. ಸಿನಿಮಾ ನೋಡುವುದು ಮನೆತನಕ್ಕೆ ಹೊಂದುವುದಲ್ಲವೆಂದು, ಲಿಂಗಪೂಜೆ ಮಾಡಿದ ಕೈಯಲ್ಲೇ ಎರಡು ಬಾರಿಸುತ್ತಿದ್ದನಂತೆ. ಆದರೆ ನೋಡಬೇಡ ಎಂದಿದ್ದನೇ ಹೊರತು ಕೇಳಬೇಡ ಎಂದಿರಲಿಲ್ಲ. ಕಾಕಾ ಡೇರೆಯ ಹಿಂದಿನ ಬೇವಿನ ಗಿಡದ ಬುಡದಲ್ಲಿ ಕೂತು ಸಿನಿಮಾಗಳನ್ನು ಪೂರ್ತಿ ಕೇಳಿದ. ಆಮೇಲೆ ಅವೇ ಹಾಡು ರೇಡಿಯೋದಲ್ಲಿ ಬಂದವು, ಗರಗರ ಸದ್ದಿನ ಸಮೇತ. ಹೀಗಾಗಿ ಅವನ ಪಾಲಿನ ಎಪ್ಪತ್ತರ ದಶಕ ಕಿವಿಯೊಳಗೇ ನಡೆದು ಮುಗಿದ ದಶಕ. ಯಾವ ಹಾಡನ್ನು ಯಾರು ಯಾಕೆ ಹಾಡಿದರು, ಹಾಡಿದವನು ಮುಂದೆ ಮದುವೆಯಾದನೋ ಸತ್ತನೋ ಅವನಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತಲೂ ಅನ್ನಿಸಿರಲಿಲ್ಲ.

ಆ ಕಾಲದಲ್ಲೇ ರಾಯಚೂರು ಕಡೆಯ ಒಂದು ಆರ್ಕೆಸ್ಟ್ರಾದವರು ಅವನ ದನಿ ಕೇಳಿ ನಮ್ಮ ಜೊತೆ ಬಾ ಎಂದು ಕರೆದಿದ್ದರು. ಅಜ್ಜ ಬೈಯಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಹೊಲಿಗೆ ಯಂತ್ರ ತಂದು ಪಡಸಾಲೆಯಲ್ಲಿ ಇಟ್ಟ. ಕತೆ ಮುಗಿಯಿತು.

ಮುಗಿಯಿತು ಎಂದು ಕಾಕಾ ಅಂದುಕೊಂಡಿರಲಿಲ್ಲ, ಅದೇ ಇಲ್ಲಿನ ಸಮಸ್ಯೆ. ಅವನಿಗೆ ಒಂದು ಹಾಡು ಸಿಕ್ಕಿತ್ತು. ಯಾವ ಹಾಡು ಎಂದು ಹೇಳುವುದಿಲ್ಲ. ಹೇಳಿದರೆ ನೀವು ಗುನುಗಲು ಶುರುಮಾಡುತ್ತೀರಿ. ಗುನುಗುವವರ ಜೊತೆ ವಾದ ಸಾಧ್ಯವಿಲ್ಲ. ಅದರ ಪಲ್ಲವಿಯಲ್ಲಿ ಬರುವ ಮೂರು ಮಾತು ಸಾಕು. ಅವು ಕಾಕಾನ ಕಿವಿಗೆ ಬಿದ್ದದ್ದು ಹೀಗೆ: ಭಾಳ ಹಾದಿ ಉಳಿಯಿತಿಲ್ಲಿ.

ನಮ್ಮ ಕಡೆ ಭಾಳ ಎಂದರೆ ಬಹಳ. ಭಾಳ ಮಂದಿ, ಭಾಳ ಬಿಸಿಲು, ಭಾಳ ತ್ರಾಸು. ಭಾಳ ಹಾದಿ ಉಳಿಯಿತು ಎಂದರೆ ನಡೆಯಬೇಕಾದ ದಾರಿ ಇನ್ನೂ ಬೇಕಾದಷ್ಟಿದೆ, ಈಗಲೇ ಕೂರಬೇಡ ಎಂದರ್ಥ. ಕಾಕಾ ಈ ಸಾಲನ್ನು ಹಾಡಿನಿಂದ ಬಿಡಿಸಿಕೊಂಡು ಮನೆಗೆ ತಂದಿದ್ದ. ನನ್ನ ಅಣ್ಣ ಹತ್ತನೇ ಇಯತ್ತೆಯಲ್ಲಿ ನಪಾಸಾದಾಗ "ಭಾಳ ಹಾದಿ ಉಳದೈತಲೇ" ಎಂದ. ಚಿಗವ್ವ, ಅಂದರೆ ಕಾಕಾನ ಹೆಂಡತಿ, ಎರಡನೇ ಕೂಸನ್ನೂ ಕಳೆದುಕೊಂಡು ದವಾಖಾನೆಯಿಂದ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಾಗ ಅವಳ ತಲೆದೆಸೆಗೆ ಕೂತು ಇದನ್ನೇ ಹೇಳಿದ. ನಾನು ನನ್ನ ಮೊದಲ ಚರ್ಚಾಸ್ಪರ್ಧೆಯಲ್ಲಿ ಮಾತು ಮರೆತು, ವೇದಿಕೆ ಮೇಲೆ ಕಂಬದ ಹಾಗೆ ನಿಂತು ಸೋತು ಬಂದಾಗಲೂ ಇದೇ. ಊರಿನವರಿಗೆ ಗಾದೆ ಇರುತ್ತವೆ. ನಮ್ಮ ಮನೆಗೆ ಇದಿತ್ತು.

ಆ ಸ್ಪರ್ಧೆಗೆ ನನ್ನನ್ನು ಕಳಿಸಿದ್ದೂ ಕಾಕಾನೇ. ಹೆಣ್ಣುಮಗಳು ಮೈಕಿನ ಮುಂದೆ ನಿಂತು ಗಂಡಸರ ಜೊತೆ ವಾದ ಮಾಡುವುದೇ ಎಂದು ಅಪ್ಪ ಗೊಣಗಿದಾಗ, "ನನ್ನ ಬಾಯಿ ಮುಚ್ಚಿಸಿದ್ರಿ, ಸಾಕಾಗಿಲ್ಲೇನು? ಇಕಿದಾರ ಬಿಡ್ರಿ" ಎಂದುಬಿಟ್ಟ. ಅಂದಿನಿಂದ ಕಾಕಾ ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ವಕೀಲಸಾಬ್ ಎನ್ನತೊಡಗಿದ.

ಲಿಂಗಸುಗೂರಿನಲ್ಲಿ ನಮ್ಮ ಅಧ್ಯಾಪಕರೊಬ್ಬರು ಚರ್ಚೆಗೆ ತಯಾರು ಮಾಡುತ್ತಿದ್ದರು. ಅವರ ಪದ್ಧತಿ ಬೇರೆ. ಪರವೋ ವಿರೋಧವೋ ಎಂದು ಮೊದಲೇ ಹೇಳುತ್ತಿರಲಿಲ್ಲ. ಎರಡೂ ಕಡೆಯ ವಾದ ಬರೆದುಕೊಂಡು ಬರಬೇಕು, ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಬೇಕು, ಬಂದದ್ದನ್ನು ಹುಟ್ಟಿನಿಂದ ನಂಬಿದವರ ಹಾಗೆ ಮಾತಾಡಬೇಕು. ಎದುರಾಳಿಯ ಒಂದು ಅಕ್ಷರ ತಪ್ಪಿದರೂ ಬಿಡಬಾರದು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ನಮ್ಮ ಅಂಕವನ್ನೇ ಕಡಿಯುತ್ತಿದ್ದರು. ಬಾಯಿಯ ಮುಂದೆ ಅಂಗೈ ಹಿಡಿದು ಭ ಅನ್ನು, ಕೈಗೆ ಗಾಳಿ ಬಡಿಯಬೇಕು ಎಂದು ಕಲಿಸಿದರು. ಎರಡು ವರ್ಷದಲ್ಲಿ ನಾನು ಎಷ್ಟು ಹರಿತವಾದೆನೆಂದರೆ, ಮನೆಯಲ್ಲಿ ಯಾರಾದರೂ "ಇವತ್ತು ಬಿಸಿಲ ಜೋರ ಐತಿ" ಎಂದರೂ "ನಿನ್ನಿಗಿಂತನೋ, ಹೋದ ವರ್ಷಕ್ಕಿಂತನೋ?" ಎಂದು ಕೇಳುತ್ತಿದ್ದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದಾಗ ಕಾಕಾನ ಗೆಳೆಯ ಬಂದ. ಇಬ್ಬರೂ ಸಾಲೆಯಲ್ಲಿ ಒಂದೇ ಹಲಗೆ ಮೇಲೆ ಕೂತವರು. ಈತ ಪಾಮನಕಲ್ಲೂರಿನವನು, ಹಟ್ಟಿಯ ಗಣಿಯಲ್ಲಿ ಪಾಳಿ ಕೆಲಸ. ವಾರದ ರಜೆಗೆ ಊರಿಗೆ ಹೋಗುವಾಗ ಮಸ್ಕಿಯಲ್ಲಿ ಇಳಿದು, ಕಾಕಾನ ಎರಡು ಹಾಡು ಕೇಳಿ, ಮುಂದಿನ ಬಸ್ಸು ಹಿಡಿಯುವುದು ಅವನ ರೂಢಿ. ಅವತ್ತು ಕೂರುವ ಮೊದಲೇ ಶುರುಮಾಡಿದ.

"ಲೇ, ಯಂತ್ರ ನಿಲ್ಲಸು. ಸಿಂಧನೂರಾಗ ಆರ್ಕೆಸ್ಟ್ರಾದವ್ರಿಗೆ ಹಳೇ ಹಾಡಿನವ ಬೇಕಾಗ್ಯಾನ. ಲಗ್ನದಾಗ ಊಟ ಆದ ಮ್ಯಾಲ ದೊಡ್ಡ ಮಂದಿ ಎಲಿ ಅಡಿಕಿ ಹಾಕ್ಕೊಂಡು ಕುಂದರ್ತಾರಲ್ಲ, ಆವಾಗ ಅರ್ಧ ತಾಸು ಬರೇ ಹಳೇವು. ನಿನ್ನ ಹೆಸರ ಹೇಳೀನಿ. ಐತಾರ ಬಂದು ಹಾಡಿ ತೋರಸು ಅಂದಾರ."

ಯಂತ್ರದ ಚಕ್ರ ತಾನೇ ತಿರುಗಿ ತಿರುಗಿ ನಿಂತಿತು. "ನಲವತ್ತಕ್ಕ ಬಂದೀನಿ. ಈಗೇನ ಹಾಡೂದಲೇ?"

"ನಲವತ್ತಾಗೇತಿ ಅಂತನ ಕರದಾರ. ಹಳೇ ಹಾಡಿಗೆ ಹಳೇ ಮಾರಿ ಬೇಕು. ನಿಂದು ಹ್ಯಾಂಗೂ ಐತಿ."

ಕಾಕಾ ನಕ್ಕ. ಆದರೆ ಸೂಜಿಗೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದ. ಇಪ್ಪತ್ತು ವರ್ಷದ ಹಿಂದೆ ಹೋದದ್ದು ಬಾಗಿಲಿಗೆ ಬಂದು ನಿಂತಿತ್ತು. ಇನ್ನೊಮ್ಮೆ ಬರುವುದಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಯಾವುದು ಹಾಡ್ತಿ?" ಎಂದು ಗೆಳೆಯ ಕೇಳಿದ.

"ಇನ್ಯಾವುದು? ಅದ."

"ನಂಗ ಗೊತ್ತಿತ್ತು. ಅದಕ್ಕ ಇದನ್ನ ತಂದೀನಿ." ಗೆಳೆಯ ಚೀಲದಿಂದ ಒಂದು ಹಾಡಿನ ಪುಸ್ತಕ ತೆಗೆದ. ಎಂಟು ಪುಟದ್ದು, ಗುಲಾಬಿ ಬಣ್ಣದ ಕಾಗದ, ಆ ಕಾಲದಲ್ಲಿ ಡೇರೆಯ ಬಾಗಿಲಲ್ಲಿ ಮಾರುತ್ತಿದ್ದದ್ದು. ಕಂಪನಿ ಕ್ವಾರ್ಟರ್ಸಿನ ಮನೆಯಲ್ಲಿ ಟ್ರಂಕಿನ ತಳಕ್ಕೆ ಹಾಸಿದ್ದನಂತೆ. ಕಾಕಾ ಎರಡೂ ಕೈಯಲ್ಲಿ ತೆಗೆದುಕೊಂಡ. ಕನ್ನಡಕ ಮನೆಯಲ್ಲಿತ್ತು. "ವಕೀಲಸಾಬ್, ಓದ್ರಿ ಒಂದ್ಸಲ. ಸಾಹಿತ್ಯ ಪಕ್ಕಾ ಆಗಲಿ."

ನಾನು ಓದಿದೆ. ಮೊದಲ ಸಾಲಿನಲ್ಲೇ ನಿಂತೆ.

ಆವತ್ತು ನಿಲ್ಲದೆ ಮುಂದೆ ಓದಿದ್ದರೆ? ಈ ಪ್ರಶ್ನೆಯನ್ನು ನಾನು ಬಿಡುತ್ತೇನೆ. ಹಾಗಾಗಿದ್ದರೆ ಹೀಗಾಗುತ್ತಿತ್ತು ಎಂಬುದು ವಾದವಲ್ಲ, ಅಳು. ನಾನು ನಿಂತೆ.

"ಕಾಕಾ, ಇಲ್ಲಿ ಬಾಳ ಅಂತ ಐತಿ."

"ಹೌದಲ್ಲ. ಭಾಳ."

"ಭಾಳ ಅಲ್ಲ, ಬಾಳ. ಬಾಳು ಅಂದ್ರ ಬದುಕು. ಬಾಳಿನ ಹಾದಿ."

"ನೀ ಎರಡೂ ಸಲ ಒಂದ ಹೇಳಿದ್ಯಲ್ಲಬೇ?"

ನಾನು ಪುಸ್ತಕ ತಿರುಗಿಸಿ ಅಕ್ಷರದ ಮೇಲೆ ಬೆರಳಿಟ್ಟೆ. ಗೆಳೆಯ ಬಗ್ಗಿ ನೋಡಿ ಕೈ ಬೀಸಿದ. "ಏ, ಪ್ರೆಸ್ಸಿನವ ಹೊಟ್ಟಿ ಸೀಳೂದು ಮರ್ತಾನ ಬಿಡು."

ಸಾಲೆಯಲ್ಲಿ ನಮಗೆಲ್ಲ ಭ ಅಕ್ಷರವನ್ನು ಕಲಿಸುವುದೇ ಹಾಗೆ. ಬ ಬರೆದು ಕೆಳಗೊಂದು ಗೀರು ಎಳೆದರೆ ಹೊಟ್ಟೆ ಸೀಳಿದ ಭ. ಬರೆಯುವಾಗ ಸೀಳುತ್ತೇವೆ, ಮಾತಾಡುವಾಗ ಯಾರೂ ಸೀಳುವುದಿಲ್ಲ. ಬಾಳು, ಭಾಳ, ಎರಡರ ಮೊದಲ ಅಕ್ಷರವೂ ನಮ್ಮ ಬಾಯಲ್ಲಿ ಒಂದೇ. ಗೆಳೆಯ ಕೊಟ್ಟದ್ದು ಒಳ್ಳೆಯ ಪ್ರತಿವಾದ, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ನನಗೆ ಹುರುಪು ಬಂತು.

"ಮರ್ತಾನ ಅಂತೀರಿ? ಕೆಳಗಿನ ಸಾಲ ನೋಡ್ರಿ. ಭೂಮಿ ಅಂತ ಐತಿ. ಅಲ್ಲಿ ಸೀಳ್ಯಾನ. ಹಿಂದಿನ ಪುಟದಾಗ ಭಾರ ಅಂತ ಐತಿ, ಅಲ್ಲೂ ಸೀಳ್ಯಾನ. ಪೂರಾ ಪುಸ್ತಕದಾಗ ಎಲ್ಲಾ ಕಡೆ ನೆನಪಿಟ್ಟು ಸೀಳಿದವ ಇಲ್ಲೊಂದ ಕಡೆ ಮರ್ತಾನೇನು?"

ಗೆಳೆಯ ತಲೆ ಕೆರೆದುಕೊಂಡ.

"ಇನ್ನೊಂದು. ಭಾಳ ಅನ್ನೂದು ನಮ್ಮ ಮಾತು. ಹಾಡ ಬರದವ್ರು ಆ ದಕ್ಷಿಣದ ಕಡೆಯವ್ರು. ಅವರಿಗೆ ಬೇಕಾಗಿದ್ರ ಬಹಳ ಅಂತ ಬರೀತಿದ್ರು. ಭಾಳ ಅಂತ ಯಾಕ ಬರೀತಾರ?"

"ಅದೂ ಖರೇನ," ಎಂದ ಗೆಳೆಯ.

"ನೀವು ಈ ಸಿನಿಮಾ ನೋಡೀರಿಲ್ಲ? ಈ ಹಾಡಿನ್ಯಾಗ ಅವ ಏನ ಮಾಡ್ತಾನ, ಎಲ್ಲಿಗರೆ ಹೊಂಟಿರ್ತಾನೇನು?"

ಗೆಳೆಯನ ಮುಖ ಸಣ್ಣದಾಯಿತು. "ಪಾಳಿ ಮುಗಿಸಿ ಹೋಗಿದ್ದೆ ಮಾರಾಯ್ತಿ. ಹಾಡ ಬಂದಾಗ ನಿದ್ದಿ ಹತ್ತಿತ್ತು. ಎದ್ದಾಗ ಮಂದಿ ಅಳಾಕತ್ತಿದ್ರು."

"ಅಳಾಕತ್ತಿದ್ರಲ್ಲ? ಸಾಕ್ಷಿ ಮುಗೀತು." ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊನೆಯ ಅರ್ಧ ನಿಮಿಷದಲ್ಲಿ ಎಲ್ಲವನ್ನೂ ಗಂಟು ಹಾಕಿ ಕೊಡಬೇಕು ಎಂದು ನಮಗೆ ಹೇಳಿಕೊಟ್ಟಿದ್ದರು. ಹಾಕಿಕೊಟ್ಟೆ. "ಮುಂದಿನ ಸಾಲಿನ್ಯಾಗ ಹೆಜ್ಜಿ ಸೋತೈತಿ ಅಂತಾನ. ಭಾಳ ಹಾದಿ ಐತಿ, ನಡೀತೀನಿ ಅನ್ನಾವ ಹೆಜ್ಜಿ ಸೋತು ಅಂತ ಅಂತಾನೇನು? ಅವ ಸಾಯಾಕ ಕುಂತಾನ ಕಾಕಾ. ನನ್ನ ಬಾಳಿನ ಹಾದಿ ಇಲ್ಲಿಗೇ ಉಳೀತು, ಇನ್ನ ಮುಂದಿಲ್ಲ ಅಂತಾನ. ನೀ ತಿಳಕೊಂಡಿದ್ದಕ್ಕ ಪೂರಾ ಉಲ್ಟಾ."

ಕಾಕಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಕನ್ನಡಕವಿಲ್ಲದ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ಆಮೇಲೆ ನಕ್ಕ, ತಮಾಷೆಗೇ ನಕ್ಕ ಹಾಗಿತ್ತು.

"ಅಂದ್ರ ಇಷ್ಟು ವರ್ಷ ಸಾಯಾವನ ಹಾಡ ಹಾಡಿ ಮಂದಿಗೆ ಧೈರ್ಯ ಹೇಳೀನೇನು ನಾ?"

ಗೆಳೆಯನೂ ನಕ್ಕ. ನಾನೂ ನಕ್ಕೆ. "ಫೈಸಲಾ ಆತ್ರಿ ವಕೀಲಸಾಬ್, ನೀವ ಗೆದ್ರಿ," ಎಂದು ಕಾಕಾ ಯಂತ್ರದ ಮೇಲೆ ಬಗ್ಗಿದ. ಹೊಲಿಗೆ ಉದ್ದನೆಯದಿತ್ತು, ಯಾರದೋ ಪೈಜಾಮ. ಯಂತ್ರ ಓಡಿತು. ಅವನು ಹಾಡಲಿಲ್ಲ. ಗೆಳೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ. ನಾನು ಮಿಕ್ಕ ಗುಂಡಿಗಳನ್ನು ಹಚ್ಚಿದೆ. ಸತ್ಯ ಹೇಳಬೇಕೆಂದರೆ ನನಗೆ ಆ ಹೊತ್ತಿನಲ್ಲಿ ಬೇಸರವೇನೂ ಆಗಿರಲಿಲ್ಲ. ಭೂಮಿಯ ಭ ಹುಡುಕಿ ತೋರಿಸಿದ ಬಗ್ಗೆ ನನ್ನಷ್ಟಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಮರುದಿನ ರೊಟ್ಟಿ ಬಡಿಯುತ್ತಿದ್ದ ಚಿಗವ್ವ ನನ್ನನ್ನು ಕರೆದಳು. ಮುಖ ಎತ್ತದೆ ಕೇಳಿದಳು. "ಅಂಗಡ್ಯಾಗ ಏನ ಹೇಳಿದ್ಯವ್ವ ನಿಮ್ಮ ಕಾಕಾಗ?"

ಹೇಳಿದೆ. ಪೂರ್ತಿ, ಸಾಕ್ಷಿ ಸಮೇತ. ಅವಳು ರೊಟ್ಟಿ ತಿರುವಿ ಹಾಕಿ, ಹಸಿಬಟ್ಟೆ ಎಳೆದು, ಕೇಳಿಸಿಕೊಂಡಳು.

"ನೀ ಹೇಳಿದ್ದು ಖರೆ ಇರಬೇಕು. ಓದಿದಾಕಿ ನೀ," ಎಂದಳು. "ಖರೆ ಇದ್ರ ಅದನ್ನ ತಗೊಂಡು ಏನ ಮಾಡೂದು? ಎರಡು ಸಲ ಬರೀ ಕೈಲೆ ಮನಿಗೆ ಬಂದೀನಿ. ಎರಡೂ ಸಲ ಆ ಮಾತಿನ ಮ್ಯಾಲ ಕೈಯೂರಿ ಎದ್ದೀನಿ. ಈಗ ಅದು ಆ ಮಾತ ಅಲ್ಲ ಅಂತಿ."

"ಮಾತು ಬದಲಾಗಿಲ್ಲ ಚಿಗವ್ವ. ಅರ್ಥ..."

"ಹೂಂ. ಅದನ್ನ ಹೇಳಾಕತ್ತೀನಿ ನಾನೂ."

ಐತಾರ, ಅಂದರೆ ಭಾನುವಾರ, ಬಂತು. ಕಾಕಾ ಬಿಳಿ ಅಂಗಿ ಹಾಕಿಕೊಂಡು, "ನೀನೂ ಬಾ" ಎಂದು ನನ್ನನ್ನು ಕರೆದುಕೊಂಡು ಹೋದ. ಯಾಕೆ ಕರೆದನೆಂದು ಆಗ ಕೇಳಲಿಲ್ಲ. ಮಸ್ಕಿ ದಾಟಿ ಸ್ವಲ್ಪ ಹೊತ್ತಿಗೆ ಕಾಲುವೆಯ ನೀರು ಕಾಣಿಸಿ, ಕರಿ ಹೊಲ ಹೋಗಿ ಹಸಿರು ಗದ್ದೆ ಶುರುವಾಗುತ್ತವೆ. ಮುಕ್ಕುಂದದ ಕಡೆಯಿಂದ ಭತ್ತದ ಚೀಲ ಹೇರಿಕೊಂಡು ಬಂದ ಟ್ರ್ಯಾಕ್ಟರುಗಳು ಸಿಂಧನೂರಿನ ರಸ್ತೆ ತುಂಬ ನಿಂತಿದ್ದವು. ಬಸ್ಸಿನಲ್ಲಿ ಕಾಕಾನ ತುಟಿ ಅಲ್ಲಾಡುತ್ತಿದ್ದದ್ದನ್ನು ನೋಡಿದೆ. ಒಂದು ಜಾಗಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಅಲ್ಲಾಡುತ್ತಿತ್ತು.

ಆರ್ಕೆಸ್ಟ್ರಾದವರ ತಾಲೀಮು ಒಂದು ಅಕ್ಕಿ ಗಿರಣಿಯ ಹಿಂದಿನ ಗೋದಾಮಿನಲ್ಲಿ. ನೆಲದ ಮೇಲೆಲ್ಲ ತೌಡಿನ ಧೂಳು. ಮಾಲೀಕ, ಕಾಲುವೆ ಬಂದಾಗ ಬಂದು ನೆಲೆಸಿದ ತೆಲುಗರ ಕ್ಯಾಂಪಿನವನು, ತೆಲುಗಿನ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದ, ಮರ್ಯಾದೆಯ ಮನುಷ್ಯ. ಕೀಬೋರ್ಡಿನವನೊಬ್ಬ, ತಬಲಾದವನೊಬ್ಬ. "ರಾಂಡಿ ಅಣ್ಣಾ, ಬರ್ರಿ, ಕೂತ್ಕೊಳ್ರಿ. ನಿಮ್ಮ ಬಗ್ಗೆ ಭಾಳ ಕೇಳೀನಿ," ಎಂದು ಮಾಲೀಕ ಕುರ್ಚಿ ಸರಿಸಿದ. ಆ ಭಾಳ ಕೇಳಿ ಕಾಕಾ ನನ್ನ ಕಡೆ ನೋಡಿದ.

ಹಾಡು ಶುರುವಾಗುವ ಮುಂಚಿನ ಆಲಾಪವನ್ನು ಅವನು ಎತ್ತಿದಾಗ ತಬಲಾದವನು ಬೀಡಿ ಆರಿಸಿ ನೆಟ್ಟಗೆ ಕೂತ. ಮಾತಿಲ್ಲದ ದನಿ, ಬರೀ ಆಕಾರ. ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಯಂತ್ರದ ಗಡಗಡದ ಜೊತೆಗೇ ಕೇಳಿದ್ದೆ. ಯಂತ್ರವಿಲ್ಲದೆ ಕೇಳಿದ್ದು ಅವತ್ತೇ ಮೊದಲು. ಹಳೆಯ ಹಾಡಿನ ಬಗ್ಗೆ ಎರಡು ಡಾಲು ಗೆದ್ದ ನಾನು ಒಂದು ನಿಮಿಷ ಎದುರು ಪಕ್ಷದಲ್ಲಿದ್ದೆ.

ಪಲ್ಲವಿ ಬಂತು. ಕಾಕಾ "ಬಾ" ಎಂದ. ನಿಂತ.

ಕೀಬೋರ್ಡಿನವನು ಅದೇ ಸ್ವರವನ್ನು ಸುತ್ತಿ ಮತ್ತೆ ತಂದು ಬಾಗಿಲು ತೆಗೆದುಕೊಟ್ಟ. ಕಾಕಾ ಮತ್ತೆ "ಬಾ" ಎಂದು ಮತ್ತೆ ನಿಂತ. ಮೂರನೇ ಸಲ ಮಾಲೀಕ ಕೈ ಎತ್ತಿ ವಾದ್ಯ ನಿಲ್ಲಿಸಿದ.

"ಏನಾಯ್ತಣ್ಣಾ? ಸಾಹಿತ್ಯ ಮರ್ತೀರೇನು?"

"ಮರ್ತಿಲ್ರಿ," ಎಂದ ಕಾಕಾ. "ಭಾಳ ಹಾಡ್ಲ್ಯೋ, ಬಾಳ ಹಾಡ್ಲ್ಯೋ?"

ಮಾಲೀಕ ಕೀಬೋರ್ಡಿನವನ ಮುಖ ನೋಡಿದ. ಅವನು ತಬಲಾದವನ ಮುಖ ನೋಡಿದ. "ಎರಡು ಸಲ ಒಂದ ಹೇಳಿದ್ರಲ್ರೀ ಅಣ್ಣಾ," ಎಂದ ಮಾಲೀಕ.

ಒಂದೇ ಹೇಳಿದ್ದ. ಕಾಕಾನ ನಾಲಗೆಯಲ್ಲಿ ಹೊಟ್ಟೆ ಸೀಳಿದ್ದೂ ಒಂದೇ, ಸೀಳದ್ದೂ ಒಂದೇ. ಕೇಳುವವರ ಕಿವಿಯಲ್ಲೂ ಒಂದೇ. ನಾನು ಅಂಗಡಿಯಲ್ಲಿ ಅಷ್ಟೆಲ್ಲ ಸಾಕ್ಷಿ ಕಟ್ಟಿ ತಿದ್ದಿದ ತಪ್ಪಿಗೆ ಸದ್ದೇ ಇರಲಿಲ್ಲ. ಹಾಡಿನಲ್ಲಿ ಒಂದು ಎಳ್ಳಿನಷ್ಟೂ ಬದಲಾಗಬೇಕಿರಲಿಲ್ಲ. ಅವನು ಹಿಂದಿನಂತೆ ಹಾಡಿದ್ದರೆ ಅದೇ ಸರಿಯಾದ ಹಾಡು ಕೂಡ ಆಗುತ್ತಿತ್ತು. ಬದಲಾದದ್ದು ಹಾಡುವವನೊಬ್ಬನೇ. ಬಾಯಿ ತೆರೆದರೆ ಈಗ ಅವನಿಗೆ ಸಾಯಲು ಕೂತವನು ಕಾಣುತ್ತಿದ್ದ.

"ಬ್ಯಾರೆದು ಹಾಡ್ರಿ, ಪರವಾಗಿಲ್ಲ," ಎಂದ ಮಾಲೀಕ. ಕಾಕಾ ಬೇರೆ ಹಾಡು ಎತ್ತಿಕೊಂಡ. ಅದರಲ್ಲಿ ಇಂಥ ತಕರಾರಿನ ಮಾತು ಯಾವುದೂ ಇರಲಿಲ್ಲ. ಆದರೂ ಪ್ರತಿ ಮಾತಿನ ಹೊಸ್ತಿಲಲ್ಲಿ ನಿಂತು, ಒಳಗೆ ಯಾರಿದ್ದಾರೆ ಎಂದು ಇಣುಕಿ ನೋಡಿ ಆಮೇಲೆ ಕಾಲಿಡುತ್ತಿದ್ದ. ತಾಳ ಮುಂದೆ ಹೋಗುತ್ತಿತ್ತು, ಇವನು ಹಿಂದೆ ಉಳಿಯುತ್ತಿದ್ದ. ನಡುನಡುವೆ ನನ್ನ ಕಡೆ ನೋಡುತ್ತಿದ್ದ. ಯಾಕೆ ಕರೆದುಕೊಂಡು ಬಂದನೆಂಬುದು ಆಗ ತಿಳಿಯಿತು. ತಪ್ಪಿದರೆ ಹೇಳಲಿ ಎಂದು.

ಮಾಲೀಕ ಕೊನೆಯವರೆಗೂ ಕೇಳಿದ. "ದನಿ ಛಲೋ ಐತಣ್ಣಾ. ಹೇಳಿ ಕಳಸ್ತೀವಿ."

ಹೇಳಿ ಕಳಿಸಲಿಲ್ಲ. ಒಂದೆರಡು ತಿಂಗಳಿಗೆ ಹಟ್ಟಿಯ ಗೆಳೆಯ ಸುದ್ದಿ ತಂದ. ಮಾನ್ವಿ ಕಡೆಯ ಒಬ್ಬನನ್ನು ತೆಗೆದುಕೊಂಡರಂತೆ. ಅದೇ ಹಾಡನ್ನೇ ಹಾಡುತ್ತಾನಂತೆ. ಲಗ್ನದ ಮನೆಯಲ್ಲಿ ಹಿರಿಯರು ಎರಡೆರಡು ಸಲ ಹಾಡಿಸುತ್ತಾರಂತೆ. "ಅವ ಏನ ಹಾಡ್ತಾನ, ಭಾಳೋ ಬಾಳೋ?" ಎಂದು ನಾನು ಕೇಳಿಬಿಟ್ಟೆ. ಗೆಳೆಯ ಚೀಲ ಹೆಗಲಿಗೇರಿಸಿಕೊಂಡ. "ಯಾರಿಗೆ ಗೊತ್ತವ್ವಾ," ಎಂದ. ಆಮೇಲೆ ಅವನು ಮಸ್ಕಿಯಲ್ಲಿ ಇಳಿಯುವುದನ್ನು ಕಡಿಮೆ ಮಾಡಿದ. ಇಳಿದು ಕೇಳಲು ಅಲ್ಲಿ ಏನೂ ಇರಲಿಲ್ಲ.

ಕಾಕಾ ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಉತ್ತರವಿತ್ತು. ನನ್ನನ್ನು ಮೊದಲಿನಂತೆಯೇ ಮಾತಾಡಿಸುತ್ತಿದ್ದ. ಬಸ್ಸಿನ ಹೊತ್ತು, ಬಟ್ಟೆ, ಪರೀಕ್ಷೆ, ಎಲ್ಲ ಮಾತಾಡುತ್ತಿದ್ದ. ಯಂತ್ರ ಓಡುತ್ತಿತ್ತು. ಟ್ರಾನ್ಸಿಸ್ಟರಿನಲ್ಲಿ ಹಳೆಯ ಹಾಡು ಬಂದರೆ ಎದ್ದುಹೋಗಿ ಆರಿಸುತ್ತಿರಲಿಲ್ಲ, ಬರಲಿ ಎಂದು ಬಿಡುತ್ತಿದ್ದ. ಮುಂಚೆ ಜೊತೆಗೂಡುತ್ತಿದ್ದವನು ಈಗ ಕೇಳುತ್ತಿದ್ದ, ನಾವು ಹವಾಮಾನ ವರದಿ ಕೇಳುವ ಹಾಗೆ. ಎದುರಿನ ಸಾಹುಕಾರ ಒಂದು ವಾರ "ಏನಪಾ, ಪೈಜಾಮ ಯಾರೂ ಕೊಟ್ಟಿಲ್ಲೇನು?" ಎಂದು ಕೆಣಕಿ, ಎರಡನೇ ವಾರ ಸುಮ್ಮನಾದ.

ನಾನು ನನ್ನ ವಾದವನ್ನು ಎಷ್ಟೋ ಸಲ ಮೊದಲಿನಿಂದ ಪರೀಕ್ಷಿಸಿದ್ದೇನೆ. ಭೂಮಿಯ ಭ, ಭಾರದ ಭ, ಸೋತ ಹೆಜ್ಜೆ, ಅಳುತ್ತಿದ್ದ ಜನ. ಒಂದು ಕೊಂಡಿಯೂ ಸಡಿಲವಿಲ್ಲ. ನಾನು ಹೇಳಿದ್ದು ಅವತ್ತು ಸರಿಯಿತ್ತು, ಇವತ್ತಿಗೂ ಸರಿಯಿದೆ. ಚರ್ಚಾಸ್ಪರ್ಧೆಯ ತೀರ್ಪುಗಾರರ ಹಾಳೆಯಲ್ಲಿ ವಿಷಯಕ್ಕೆ ಇಷ್ಟು, ಮಂಡನೆಗೆ ಇಷ್ಟು, ಖಂಡನೆಗೆ ಇಷ್ಟು ಎಂದು ಅಂಕಣಗಳಿರುತ್ತವೆ. ಮೂರರಲ್ಲೂ ನನಗೆ ಪೂರ್ತಿ ಅಂಕ ಬರುತ್ತಿತ್ತು. ಹಳೆಯ ಹಾಡಿನ ಹುಚ್ಚು ತಪ್ಪಾಗಿ ಕೇಳಿಸಿಕೊಂಡದ್ದರ ಮೇಲೆ ನಿಂತಿರುತ್ತದೆ ಎಂಬುದು ನನ್ನ ಸಿದ್ಧಾಂತ. ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇನ್ನೂ ಸಿಕ್ಕಿಲ್ಲ. ಯಾವ ವೇದಿಕೆಯಲ್ಲೂ ಅದನ್ನು ಬಳಸಲು ಆಗಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಬಜಾರಿನಲ್ಲಿ ಜನವಿಲ್ಲದಾಗ, ಅಂಗಡಿಗೆ ಹೋದೆ. ಎರಡು ದಿನ ಕೂತು ತಯಾರಿ ಮಾಡಿದ್ದೆ. ನಮಗೆ ಬರುವುದು ಅದೊಂದೇ ವಿದ್ಯೆ, ಚೀಟಿಯನ್ನು ತಿರುಗಿಸಿ ಹಿಡಿಯುವುದು.

"ಕಾಕಾ, ನಾ ಹೇಳಿದ್ದು ತಪ್ಪು," ಎಂದು ಶುರುಮಾಡಿದೆ. "ಹಾಡ ಬರದವನ ಮಾತು ಕಡೀ ಮಾತು ಅಂತ ಯಾರ ಹೇಳ್ಯಾರ? ಕೇಳಿದವನೂ ಹಾಡಿನ್ಯಾಗ ಪಾಲುದಾರ. ಆ ಕಡೆ ಮಂದಿಗೆ ಅದು ಬಾಳ, ಈ ಕಡೆ ಮಂದಿಗೆ ಭಾಳ. ನಮ್ಮ ಇಡೀ ಜಿಲ್ಲಾದ ಮಂದಿ ಹಂಗ ಕೇಳ್ಯಾರಂದ್ರ ಇಲ್ಲಿ ಅದ ಖರೆ. ಆಮ್ಯಾಲ ನೋಡು, ಆ ಕವಿ ಬರದದ್ದಕ್ಕ ಡೇರೆದಾಗ ಮಂದಿ ಅತ್ರು, ಅಷ್ಟ. ನೀ ಕೇಳಿದ್ದಕ್ಕ ನಮ್ಮ ಮನ್ಯಾಗ ಮಂದಿ ಎದ್ದು ನಿಂತ್ರು. ಯಾವುದು ದೊಡ್ಡದು? ತಪ್ಪಾಗಿ ಕೇಳಿದ್ದ ಮೂಲಕ್ಕಿಂತ ಛಲೋ ಇರಾಕ ಬರತೈತಿ. ನಿಂದು ಛಲೋ ಐತಿ. ನೀ ಹಾಡು."

ಒಳ್ಳೆಯ ವಾದ. ಈಗಲೂ ಒಳ್ಳೆಯ ವಾದ ಎಂದೇ ಅನ್ನಿಸುತ್ತದೆ. ಕಾಕಾ ಹಲಗೆಯ ಮೇಲೆ ಬಟ್ಟೆ ಹರವಿ, ಸುಣ್ಣದ ತುಂಡಿನಲ್ಲಿ ಗೆರೆ ಎಳೆಯುತ್ತ ಪೂರ್ತಿ ಕೇಳಿದ. ನಡುವೆ ಒಂದು ಸಲವೂ ತಡೆಯಲಿಲ್ಲ. ಮುಗಿದ ಮೇಲೆ ತಲೆಯಾಡಿಸಿದ.

"ಖರೆ ಐತಿ," ಎಂದ.

"ಹಂಗಾರ?"

"ಅವತ್ತು ಹೇಳಿದ್ದೂ ಖರೆ ಇತ್ತು. ಇವತ್ತಿಂದೂ ಖರೆ ಐತಿ." ಗೆರೆ ಸೊಟ್ಟಾಗಿತ್ತೇನೋ, ಬೆರಳಿನಿಂದ ಒರೆಸಿ ಮತ್ತೆ ಎಳೆದ. "ನಿನಗ ಎರಡೂ ಬರತಾವಬೇ. ನನಗ ಒಂದ ಬರತಿತ್ತು."

ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡಮೇಲೆ ಹೇಳುವುದೇನು ಎಂದು ನಮಗೆ ಯಾರೂ ಕಲಿಸಿರಲಿಲ್ಲ.

ಕಾಕಾ ಕತ್ತರಿ ಕೈಗೆತ್ತಿಕೊಂಡು, ಬಟ್ಟೆಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿದ.

"ಜರಾ ಸರಕೋ," ಎಂದ. "ಬೆಳಕಿಗೆ ಅಡ್ಡ ಕುಂತಿ."

ಸರಿದು ಕೂತೆ. ಅವನು ಕತ್ತರಿಸತೊಡಗಿದ.